ಕಮಲಾಪುರದ ದಾರಿಯಲ್ಲಿ ಬಂಡಿ ಬಿಡುವ ಜಾಗಗಳು

ನಡೆಯಲು ಕಲಿಯುವ ಮೊದಲೇ ನಾನು ಬಂಡಿಯಲ್ಲಿ ಮಲಗಲು ಕಲಿತವನು. ಅಪ್ಪ ಕಮಲಾಪುರದಿಂದ ಕಲಬುರಗಿ ಪೇಟೆಗೆ ಕೆಂಪು ಬಾಳೆಗೊನೆ, ಜೋಳದ ಚೀಲ ಹೇರಿಕೊಂಡು ಹೋಗುತ್ತಿದ್ದ. ಅವ್ವ ತೀರಿಕೊಂಡಿದ್ದಳು, ಮನೆಯಲ್ಲಿ ನನ್ನನ್ನು ನೋಡುವವರಿರಲಿಲ್ಲ. ಹಾಗಾಗಿ ಗೊನೆಗಳ ನಡುವೆ ಒಂದು ಗೋಣಿತಟ್ಟು ಹಾಸಿ ನನ್ನನ್ನೂ ಹೇರಿಕೊಳ್ಳುತ್ತಿದ್ದ. ಆ ದಾರಿ ನನಗೆ ಇವತ್ತಿಗೂ ದಾರಿಯಾಗಿ ನೆನಪಿಲ್ಲ. ಬಂಡಿಗೆ ಹೊದಿಸಿದ ಚಾಪೆಯ ಸಂದಿಯಲ್ಲಿ ಕಾಣುವ ಒಂದು ತುಂಡು ಆಕಾಶ, ಅಚ್ಚಿನ ಕಿರುಗುಟ್ಟುವ ಸದ್ದು, ಹಣ್ಣಾಗುತ್ತಿರುವ ಬಾಳೆಯ ಬೆಚ್ಚನೆಯ ವಾಸನೆ, ದೂರ ಹೋದಂತೆ ಕೇಳಿ ಮತ್ತೆ ತಲೆಯ ಹತ್ತಿರವೇ ಅಲುಗುವ ಎತ್ತಿನ ಗಂಟೆ. ನಿದ್ದೆ ಎಲ್ಲಿ ಮುಗಿಯಿತು, ತೊಗರಿ ಹೊಲ ಎಲ್ಲಿ ಶುರುವಾಯಿತು ಎಂದು ಕೇಳಿದರೆ ಹೇಳಲಾರೆ.

ಆದರೆ ಬಂಡಿ ಬಿಟ್ಟ ಜಾಗಗಳು ಮಾತ್ರ ಒಂದೊಂದೂ ನೆನಪಿವೆ ಎಂದೇ ನಂಬಿದ್ದೆ. ನೊಗ ಕೆಳಗಿಳಿಸಿದಾಗ ಬಂಡಿ ಒಮ್ಮೆ ಮುಂದಕ್ಕೆ ಬಾಗುತ್ತದಲ್ಲ, ಆಗ ಎಚ್ಚರವಾಗುತ್ತಿತ್ತು. ಕಣ್ಣು ಬಿಟ್ಟರೆ ತಲೆಯ ಮೇಲೆ ಆಕಾಶದ ಬದಲು ಯಾವುದೋ ಮರ.

ಆ ಮರಗಳ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯಗಳಿದ್ದವು. ಹುಣಸೆ ಸಾಲಿನ ನೆರಳು ದಟ್ಟ, ಆದರೆ ಅಲ್ಲಿ ಮಲಗಿ ಎದ್ದರೆ ಮೈ ಭಾರ. ಹಳ್ಳದ ದಂಡೆಯ ಆಲದ ಮರ ರಾಜ. ಅದರ ಬಿಳಲುಗಳ ನಡುವೆ ಹತ್ತು ಬಂಡಿ ನಿಂತರೂ ಒಬ್ಬರ ಗೊರಕೆ ಇನ್ನೊಬ್ಬರಿಗೆ ಕೇಳಿಸದು. ಕಮಲಾಪುರದ ಸಂತೆ ಬಯಲು ಸಂತೆಯ ದಿನ ಬಿಟ್ಟು ಉಳಿದ ದಿನ ಒಳ್ಳೆಯದು. ಕಲಬುರಗಿಯಲ್ಲಿ ಗಾಜಿಪುರದ ಆಚೆಗಿದ್ದ ಸರಾಯಿ, ಅಂದರೆ ದಾರಿಹೋಕರ ಛತ್ರ, ಕಲ್ಲಿನದು, ಬಾಗಿಲಿಗೆ ಬೀಗ ಬೀಳುವಂಥದು, ಆದರೆ ಅಲ್ಲಿ ಕುದುರೆಯ ಲದ್ದಿ ಮತ್ತು ಅಪರಿಚಿತರ ಬೆವರು ಗೋಡೆಯೊಳಗೇ ಸೇರಿಹೋಗಿತ್ತು. ಮುಂದೆ ಸರಕಾರಿ ನೌಕರನಾದ ಮೇಲೆ ಮುಸಾಫಿರ್ ಬಂಗಲೆಯಲ್ಲೂ ಮಲಗಿದ್ದೇನೆ. ಮಂಚ, ಸೊಳ್ಳೆಪರದೆ, ತೂಗುವ ಪಂಖಾ ಎಲ್ಲ ಇತ್ತು. ನಿದ್ದೆ ಬರಲಿಲ್ಲ. ಮಂಚ ಎಲ್ಲಿಗೂ ಹೋಗುವಂಥದಾಗಿರಲಿಲ್ಲ.

ಇದೆಲ್ಲದರಲ್ಲಿ ನನಗೆ ಗೊತ್ತಿಲ್ಲದ ಹೊತ್ತು ಒಂದೇ: ಹೊರಡುವ ಹೊತ್ತು. ಅಪ್ಪ ನಸುಕಿನಲ್ಲಿ ಎತ್ತು ಹೂಡುವಾಗ ನನ್ನನ್ನು ಎಬ್ಬಿಸುತ್ತಿರಲಿಲ್ಲ. ನಾನು ಏಳುವಷ್ಟರಲ್ಲಿ ಮರ ಹಿಂದೆ ಉಳಿದು ಬಯಲಿನ ಮೇಲೆ ಬಿಸಿಲು ಬಿದ್ದಿರುತ್ತಿತ್ತು.

ನಮ್ಮ ವಂಶದಲ್ಲಿ ಮೊದಲು ಅಕ್ಷರ ಬರೆದವನು ನಾನು. ಮೊದಲು ಬಿ.ಎ. ಆದವನೂ ನಾನೇ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಹೈದರಾಬಾದಿನಲ್ಲಿ ಆರು ವರ್ಷ ಬೇರೆಯವರ ಮನೆಯ ಪಡಸಾಲೆಯಲ್ಲಿ ಮಲಗಿ, ಅವರ ಮಕ್ಕಳಿಗೆ ಪಾಠ ಹೇಳಿ, ಒಂದೇ ಶೇರವಾನಿಯನ್ನು ರಾತ್ರಿ ಒಗೆದು ಬೆಳಿಗ್ಗೆ ಅರ್ಧ ಒಣಗಿದ್ದನ್ನೇ ತೊಟ್ಟು ಓದಿದ್ದೇನೆ. ಪದವಿಯ ಸನದು ತಂದು ಅಪ್ಪನ ಕೈಗೆ ಕೊಟ್ಟಾಗ ಅವನು ಅದನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದ. ನಾನು ತಿರುಗಿಸಿ ಹಿಡಿಸಲಿಲ್ಲ.

ಕಲಬುರಗಿಯ ಕಚೇರಿಯಲ್ಲಿ ಕೆಲಸ ಸಿಕ್ಕ ಮೊದಲ ಬೇಸಿಗೆಯಲ್ಲೇ ಸಾಹೇಬರು ಕರೆದರು. ವಯಸ್ಸಾದವರು, ಉರ್ದು ಮಾತಿನ ನಡುವೆ ಕನ್ನಡವನ್ನು ಇಷ್ಟಪಟ್ಟು ಬಳಸುತ್ತಿದ್ದವರು.

"ಅರೆ ಮಿಯಾ, ನೀವು ಬಂಡಿಯೋರ ಮಗ ಅದೀರಿ, ಬಿ.ಎ. ಭೀ ಅದೀರಿ. ಈ ಕೆಲಸಕ್ಕ ನಿಮ್ಮಂಥೋರು ಇಡೀ ಜಿಲ್ಲಾದಾಗ ಸಿಗಂಗಿಲ್ಲ," ಎಂದರು.

ಕೆಲಸ ಇಷ್ಟು. ಕಮಲಾಪುರದ ದಾರಿಯಲ್ಲಿ ಬಂಡಿ ಬಿಡುವ ಪ್ರತಿಯೊಂದು ಜಾಗವನ್ನೂ ನೋಡಿ, ನೀರು, ನೆರಳು, ಬಂಡಿಗಳ ಬಳಕೆ ಹೇಗಿದೆ ಎಂದು ಅಭಿಪ್ರಾಯ ಬರೆಯಬೇಕು. ಬಳಕೆಯಿರುವುದನ್ನು ಸರಕಾರ ಉಳಿಸಿಕೊಳ್ಳುತ್ತದೆ. ಬಳಕೆಯಿಲ್ಲದ್ದನ್ನು ಪಟ್ಟಿಯಿಂದ ಹೊಡೆದುಹಾಕಿ, ಅದನ್ನು ನೋಡಿಕೊಳ್ಳುವವರಿಗೆ ಕೊಟ್ಟ ಇನಾಮು ಹೊಲವನ್ನು ವಾಪಸು ಪಡೆಯುತ್ತದೆ.

ಬಾಡಿಗೆ ಟಾಂಗಾದಲ್ಲಿ ಹೊರಟೆ. ಮೊಣಕಾಲ ಮೇಲೆ ಕಾಗದ, ಕಿವಿಯ ಹಿಂದೆ ಪೆನ್ಸಿಲು. ಮಲಗಿಕೊಂಡು ನೋಡಿದ ಜಗತ್ತನ್ನು ಈಗ ಕುಳಿತು ನೋಡುತ್ತಿದ್ದೆ. ಆಲದ ಮರ ನೆನಪಿನಲ್ಲಿದ್ದುದಕ್ಕಿಂತ ಸಣ್ಣದಾಗಿತ್ತು. ಆದರೂ ಅದಕ್ಕೆ ಒಳ್ಳೆಯ ಮಾತು ಬರೆದೆ. ಹುಣಸೆಗೆ ಬರೆಯಲಿಲ್ಲ.

ನಡುದಾರಿಯಲ್ಲಿ ಒಂದು ಬೇವಿನ ಮರದ ಬಾವಿ. ನನ್ನ ನೆನಪಿನ ಮರಗಳಲ್ಲಿ ಇದು ಇರಲಿಲ್ಲ. ಅದನ್ನು ನೋಡಿಕೊಳ್ಳುತ್ತಿದ್ದವಳು ಒಬ್ಬ ಮುದುಕಿ, ಎಲ್ಲರೂ ಆಯಿ ಎನ್ನುತ್ತಿದ್ದರು. ಗಂಡ ಇದ್ದಾಗ ಅವನು, ಅವನ ನಂತರ ಅವಳು, ಎತ್ತುಗಳಿಗಾಗಿ ಕಲ್ಲಿನ ದೋಣಿಗೆ ನೀರು ಸೇದಿ ತುಂಬುತ್ತ ಬಂದಿದ್ದರು. ಬಾವಿಯ ಹಿಂದಿನ ತುಂಡು ಹೊಲ ಆ ಕೆಲಸಕ್ಕೆ ಸಿಕ್ಕ ಇನಾಮು. ಅವಳಿಗೆ ಬೇರೆ ಆಧಾರವಿರಲಿಲ್ಲ, ಮಕ್ಕಳೂ ಇರಲಿಲ್ಲ.

ಮಧ್ಯಾಹ್ನದ ಬಿಸಿಲು. ಒಂದು ಬಂಡಿಯೂ ಇಲ್ಲ. ನಾನು ಮರದ ಸುತ್ತ ತಿರುಗಿದೆ. ಒಲೆಯಿಲ್ಲ, ಬೂದಿಯಿಲ್ಲ, ಮಸಿ ಹಿಡಿದ ಒಂದು ಕಲ್ಲೂ ಇಲ್ಲ. ಆಲದ ಮರದಡಿ ಬೇಕಾದಷ್ಟು ಬೂದಿ ಕಂಡಿದ್ದೆ. ಇಲ್ಲಿ ಗುಡಿಸಿದ ಅಂಗಳದಂಥ ನೆಲ.

"ಇಲ್ಲಿ ಬಂಡಿ ಬಿಡ್ತಾರೇನು, ಆಯಿ?"

"ಬಿಡದ ಏನ್ರೀ ಸಾಹೇಬ್ರ. ನಿನ್ನಿ ಆರು ಬಂಡಿ ಇದ್ವು. ನೀರು ಸೇದಿ ಸೇದಿ ರಟ್ಟಿ ಬಿದ್ದು ಹೋಗ್ಯಾವ ನೋಡ್ರಿ."

"ಆರು ಬಂಡಿಯವರು ಅಡಗಿ ಮಾಡ್ಕೊಂಡಿದ್ರ ಬೂದಿ ಎಲ್ಲದ?"

ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. "ನಮ್ಮ ಕಡೀ ಬಂಡಿಯೋರು ಬೂದಿ ಬಿಟ್ಟು ಹೋಗ್ತಾರೇನ್ರೀ ಎಪ್ಪಾ? ಯಾವೂರವರು ನೀವು?"

ಕಮಲಾಪುರದವನು ಎಂದು ನಾನು ಹೇಳಲಿಲ್ಲ. ಶೇರವಾನಿ ತೊಟ್ಟವನನ್ನು ಊರು ಕೇಳುವುದು ನನಗೆ ಸರಿಕಾಣಲಿಲ್ಲ. ಹೊಲ ಉಳಿಸಿಕೊಳ್ಳಲು ಮುದುಕಿ ಮಾತು ತಿರುಗಿಸುತ್ತಿದ್ದಾಳೆ ಎಂದುಕೊಂಡೆ. ಅವಳು ಕೊಟ್ಟ ನೀರು ಕುಡಿದೆ, ತಣ್ಣಗಿತ್ತು, ಸಿಹಿಯಾಗಿತ್ತು. ಕುಡಿದು ಟಾಂಗಾ ಹತ್ತಿ ಬರೆದೆ: ನೀರು ಉತ್ತಮ, ನೆರಳು ಉತ್ತಮ, ಬಂಡಿ ಬಿಡುವ ಗುರುತು ಯಾವುದೂ ಇಲ್ಲ, ಈ ಜಾಗ ಬಳಕೆಯಲ್ಲಿಲ್ಲ. ಕಮಲಾಪುರ ಮುಟ್ಟಿದ ಕೂಡಲೇ ರಪೋಟಿನ ಕೆಳಗೆ ಹೆಸರು ಬರೆದು, ಹೆಸರಿನ ಮುಂದೆ ಬಿ.ಎ. ಎಂದು ಸೇರಿಸಿ ಟಪಾಲಿಗೆ ಕೊಟ್ಟೆ. ಬೇಗ ಕೆಲಸ ಮಾಡುವವನೆಂದು ಸಾಹೇಬರು ಮೆಚ್ಚಲಿ ಎಂಬ ಆಸೆ.

ಮನೆಯಲ್ಲಿ ಅಪ್ಪ ಬಂಡಿಯ ಗಾಲಿಗೆ ಎಣ್ಣೆ ಹಚ್ಚುತ್ತಿದ್ದ. ನಾನು ಹುಣಸೆ, ಆಲ, ಸರಾಯಿ ಎಲ್ಲದರ ಬಗ್ಗೆ ಬರೆದದ್ದನ್ನು ಒಂದೊಂದಾಗಿ ಹೇಳುತ್ತ ಹೋದೆ. ಅವನು ಖುಷಿಯಾಗಿ ತಲೆಯಾಡಿಸುತ್ತಿದ್ದ. ಬೇವಿನ ಬಾವಿಯ ಮಾತು ಬಂದಾಗ ಎಣ್ಣೆಯ ಅರಿವೆ ಕೆಳಗಿಟ್ಟ.

"ಬೂದಿ ಇರಲಿಲ್ಲ ಅಂತ ಬರದ್ಯಾ?"

"ಇರಲಿಲ್ಲಪ್ಪ. ಒಂದು ಕಲ್ಲೂ ಸುಟ್ಟಿರಲಿಲ್ಲ."

"ಕಲ್ಲು ಹೊಳ್ಳಿಸಿ ನೋಡಿದ್ಯೇನು?"

ಕಲ್ಲನ್ನು ತಿರುವಿ ಏಕೆ ನೋಡಬೇಕು ಎಂದೆ.

"ಅಲ್ಲೋ ತಮ್ಮಾ, ಬಂಡ್ಯಾಗ ಬೆಳದಿ ನೀನು!" ಎಂದ ಅಪ್ಪ. ಸಿಟ್ಟು ಇರಲಿಲ್ಲ, ಆಶ್ಚರ್ಯವಿತ್ತು. ಆಮೇಲೆ ಮೆಲ್ಲಗೆ ನಕ್ಕ. "ಹೌದು ಬಿಡು. ಅಲ್ಲಿ ಬಿಟ್ಟಾಗೆಲ್ಲ ಮಕ್ಕೊಂಡಿರ್ತಿದ್ದಿ. ನಾನಽ ಎಬ್ಬಸ್ತಿರಲಿಲ್ಲ. ನಾಳಿ ನನ್ನ ಕೂಡ ಬಾ, ಸಾಹೇಬ್ರ ಮುಂದ ಹೇಳಾಕ ಒಂದು ಮಾತು ಬೇಕಲ್ಲ ನಿನಗ."

ಮರುದಿನ ಮಧ್ಯಾಹ್ನ ಅಪ್ಪನ ಬಂಡಿಯಲ್ಲಿ ಹೊರಟೆವು. ನಾನು ಶೇರವಾನಿ ಮಡಚಿ ತಲೆಯ ಕೆಳಗಿಟ್ಟುಕೊಂಡು ಗೊನೆಗಳ ನಡುವೆ ಒರಗಿದೆ. ಬಂಡಿ ತೂಗತೊಡಗಿದ ಕೂಡಲೇ ಓದಿದ್ದೆಲ್ಲ ಮೈಯಿಂದ ಇಳಿದುಹೋದಂತೆನಿಸಿತು. ಕರಿ ನೆಲ, ಕಟಾವಾದ ಜೋಳದ ಕೂಳೆ, ಬಿಸಿಲಿನಲ್ಲಿ ನಡುಗುವ ದೂರದ ದಿಬ್ಬ, ಎಲ್ಲವೂ ಒಂದೇ ನಿಧಾನದಲ್ಲಿ ಹಿಂದೆ ಸರಿಯುತ್ತಿದ್ದವು. ಟಪಾಲು ಇಷ್ಟು ಹೊತ್ತಿಗೆ ಕಲಬುರಗಿ ಮುಟ್ಟಿರುತ್ತದೆ ಎಂಬ ನೆನಪು ಆ ಜೊಂಪಿನೊಳಗೂ ಮುಳ್ಳಿನಂತೆ ಇತ್ತು.

ಹೊತ್ತು ಮುಳುಗುವಾಗ ಬೇವಿನ ಬಾವಿಗೆ ಬಂದೆವು. ಅಲ್ಲಿ ಆಗಲೇ ನಾಲ್ಕು ಬಂಡಿಗಳಿದ್ದವು. ಹೊಗೆ ಎದ್ದಿತ್ತು. ಒಬ್ಬ ಬಂಡಿಯವ ನನ್ನನ್ನು ನೋಡಿ, "ಏನ್ರೀ ಬಿ.ಎ. ಸಾಹೇಬ್ರ, ಬಾಳಿ ಗೊನಿ ಕೂಡ ನಿಮ್ಮನ್ನೂ ಮಾರಾಕ ಒಯ್ಲಾಕತ್ತಾನೇನು ನಿಮ್ಮಪ್ಪ?" ಎಂದ. "ಇವನ್ನ ಯಾರು ತೊಗೋತಾರೋ, ಇನ್ನೂ ಕಾಯಿ ಅದಾನ," ಎಂದ ಅಪ್ಪ. ಎಲ್ಲರೂ ನಕ್ಕರು, ಆಯಿಯೂ ನಕ್ಕಳು. ಆಗ ಅವಳಿಗೆ ನಾನು ಯಾರ ಮಗ ಎಂದು ಗೊತ್ತಾಯಿತು. ನಮ್ಮ ಎತ್ತುಗಳಿಗೆ ನೀರು ಸೇದಲು ಹೋದಳು.

ಅಪ್ಪ ನಸುಕಿನಲ್ಲಿ ನನ್ನ ಭುಜ ಮುಟ್ಟಿದ. ಬದುಕಿನಲ್ಲಿ ಮೊದಲ ಸಲ ಹೊರಡುವ ಹೊತ್ತಿಗೆ ನನ್ನನ್ನು ಎಬ್ಬಿಸಿದ್ದ. ಬೆಳಕು ಇನ್ನೂ ಬೂದುಬಣ್ಣದ್ದು, ಮನುಷ್ಯರು ನೆರಳುಗಳಂತೆ ಓಡಾಡುತ್ತಿದ್ದರು, ಯಾರೂ ಮಾತಾಡುತ್ತಿರಲಿಲ್ಲ. ಒಬ್ಬೊಬ್ಬರೂ ತಮ್ಮ ಒಲೆಯ ಬೂದಿಯನ್ನು ಅಂಗೈಯಲ್ಲಿ ಬಾಚಿ ಬುಟ್ಟಿಗೆ ತುಂಬಿ ಆಯಿಯ ಹೊಲಕ್ಕೆ ಚೆಲ್ಲಿ ಬಂದರು. ಮೂರು ಕಲ್ಲುಗಳನ್ನು ಬಿಡಿಸಿ, ಮಸಿ ಹಿಡಿದ ಮೈ ನೆಲಕ್ಕಾಗುವಂತೆ ದೂರ ದೂರ ಮಲಗಿಸಿದರು. ಬೇವಿನ ತೊಪ್ಪಲಿನಿಂದ ನೆಲ ಗುಡಿಸಿದರು.

"ಯಾಕಪ್ಪ ಹಿಂಗ?" ಎಂದೆ ಪಿಸುದನಿಯಲ್ಲಿ.

"ಈ ದಾರ್‍ಯಾಗ ಎಲ್ಲಾ ಜಾತಿಯೋರೂ ಬಂಡಿ ಹೊಡೀತಾರ. ಹಿಂದಿನವ ಯಾರು ಅಂತ ಒಲಿ ನೋಡಿ ತಿಳದ್ರ ಮುಂದ ಬಂದವ ಆ ಜಾಗಾದಾಗ ಕುಂದ್ರಂಗಿಲ್ಲ. ಆಲದ ಗಿಡದ ಕೆಳಗ ಯಾರ ಜಾಗಾ ಅವರಿಗೆ ಅದ, ಅಲ್ಲಿ ಬೂದಿ ಬಿದ್ದಿರ್ತದ. ಇಲ್ಲಿ ಬಾವಿ ಒಂದಽ. ಅದಕ್ಕ ಇಲ್ಲಿ ಯಾರೂ ಅಡಗಿ ಮಾಡೇ ಇಲ್ಲ ಅನ್ನಂಗ ಮಾಡಿ ಹೋಗ್ತೀವಿ."

ನಾನು ಒಂದು ಕಲ್ಲು ಎತ್ತಿ ನೋಡಿದೆ. ಕೆಳಗಿನ ಮೈ ಕಪ್ಪಾಗಿ, ಇನ್ನೂ ಬೆಚ್ಚಗಿತ್ತು. ನಾನು ಕಂಡ ಆ ಗುಡಿಸಿದ ನೆಲ ಎಷ್ಟೋ ವರ್ಷಗಳಿಂದ ಪ್ರತಿ ನಸುಕಿನಲ್ಲಿ ಎಷ್ಟೋ ಕೈಗಳು ಗುಡಿಸಿದ್ದು. ನಾನು ಅದರ ಮೇಲೆ ನಿಂತು ಇಲ್ಲಿ ಯಾರೂ ಬರುವುದಿಲ್ಲ ಎಂದು ಬರೆದಿದ್ದೆ.

ಕಚೇರಿಗೆ ಹೋದಾಗ ನನ್ನ ರಪೋಟು ಸಾಹೇಬರ ಮೇಜಿನ ಮೇಲಿತ್ತು. ಹೊಡೆದುಹಾಕುವ ಹುಕುಮು ಕರಡಾಗಿತ್ತು, ಸಹಿ ಬಿದ್ದಿರಲಿಲ್ಲ. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದರು.

"ಮಿಯಾ, ಒಂದಽ ಬಾವಿಗೆ ಎರಡು ರಾಯ್, ಎರಡು ಅಭಿಪ್ರಾಯ. ನಾ ಯಾವುದು ಖರೇ ತಿಳೀಬೇಕು?"

"ಮೊದಲಿನದು ತಪ್ಪರಿ, ಸಾಹೇಬ್ರ. ನನಗೆ ತಿಳೀದೆ ಬರದೀನಿ."

"ಅದನ್ನಽ ಬರೀರಿ. ತಿಳೀದೆ ಬರದೆ ಅಂತ ನಿಮ್ಮ ಕೈಲೆ ಬರದು ಸಹಿ ಮಾಡ್ರಿ. ನಿಮ್ಮ ನೌಕರಿ ಕಾಗದಪತ್ರದಾಗ ಕಾಯಂ ಇರ್ತದ, ಸೋಚ್ ಲೋ, ವಿಚಾರ ಮಾಡ್ರಿ."

ಕೆಲಸಕ್ಕೆ ಸೇರಿ ಎರಡು ತಿಂಗಳಾಗಿರಲಿಲ್ಲ. ಪಡಸಾಲೆಯ ಆರು ವರ್ಷಗಳು ಕಣ್ಣ ಮುಂದೆ ಬಂದವು. ನಾನು ಬಂಡಿಯವರ ಮಗನಾಗಿದ್ದೂ ಬಂಡಿಯವರ ರೂಢಿ ನನಗೆ ತಿಳಿದಿರಲಿಲ್ಲ, ಮೊದಲ ಅಭಿಪ್ರಾಯ ರದ್ದಾಗತಕ್ಕದ್ದು ಎಂದು ಉರ್ದುವಿನಲ್ಲಿ ಬರೆದೆ. ಹೆಸರಿನ ಮುಂದೆ ಬಿ.ಎ. ಬರೆಯಬೇಕೋ ಬೇಡವೋ ಎಂದು ಕ್ಷಣ ತಡೆದೆ. ಬರೆದೆ. ತಪ್ಪು ಮಾಡಿದವನೂ ಅವನೇ ಆಗಿದ್ದ.

ಹದಿನೈದು ದಿನದ ಮೇಲೆ ಹುಕುಮು ಹೊರಟಿತು: ಬಾವಿ ಪಟ್ಟಿಯಲ್ಲಿ ಉಳಿಯತಕ್ಕದ್ದು, ಇನಾಮು ಹೊಲ ಆ ಹೆಂಗಸಿನ ಜೀವಮಾನದವರೆಗೆ ಅವಳಲ್ಲೇ ಇರತಕ್ಕದ್ದು. ಅದರ ನಕಲನ್ನು ನಾನೇ ಅಪ್ಪನ ಬಂಡಿಯಲ್ಲಿ ಒಯ್ದೆ. ಇಳಿಹೊತ್ತಿನ ಬಿಸಿಲು ಬೇವಿನೆಲೆಗಳ ನಡುವೆ ಸೋಸಿ ಬೀಳುತ್ತಿತ್ತು. ಆಯಿ ದೋಣಿಯ ಅಂಚಿನ ಮೇಲೆ ಕುಳಿತು, ಓದಿ ಹೇಳು ಎಂದಳು. ಉರ್ದುವಿನದನ್ನು ಕನ್ನಡದಲ್ಲಿ ನಿಧಾನವಾಗಿ ಓದಿ ಹೇಳಿದೆ.

ಕೇಳಿ ಮುಗಿದ ಮೇಲೂ ಅವಳು ಕಾಗದವನ್ನೇ ನೋಡುತ್ತಿದ್ದಳು.

"ಆರು ಬಂಡಿ ಬಂದಿದ್ವು ಅಂತ ನಾ ಅವತ್ತು ಹೇಳಿದ್ನಲ್ಲ, ಅದು ಇದರಾಗ ಅದ ಏನು?"

ಇರಲಿಲ್ಲ. ವಿಚಾರಣೆಯಿಂದ ತಿಳಿದುಬಂದಂತೆ ಎಂದಿತ್ತು. ಇಲ್ಲ ಎಂದೆ.

"ಇರಲಿ ಬಿಡೋ ಎಪ್ಪಾ," ಎಂದು ಎದ್ದಳು. ನೆನಪಾದವಳಂತೆ ಹಗ್ಗ ಬಿಂದಿಗೆ ನನ್ನ ಕೈಗೆ ಕೊಟ್ಟು, "ನಿಮ್ಮ ಎತ್ತು ನಿಂತಾವ. ಇವತ್ತು ನೀ ಸೇದು, ನಾ ಕುಂದರ್ತೀನಿ," ಎಂದಳು.

ಶೇರವಾನಿ ಬಿಚ್ಚಿ ಬೇವಿನ ಕೊಂಬೆಗೆ ಹಾಕಿದೆ. ದೋಣಿ ತುಂಬುವವರೆಗೂ ನಾನು ಸೇದಿದೆ, ಅವಳು ಬೇವಿನ ನೆರಳಿನಲ್ಲಿ ಕುಳಿತು ನೋಡಿದಳು.