ಆಫ್ ಆಗಿದ್ದ ಮಷೀನಿನಲ್ಲಿ ಕರೆಂಟು

ಹೊಳೆನರಸೀಪುರದಲ್ಲಿ ನಾನು ಹೈಸ್ಕೂಲು ವಿಜ್ಞಾನದ ಮೇಷ್ಟ್ರು. ಕಂಪ್ಯೂಟರ್ ಹೇಳಿದಂತೆ ಮರದ ಹಲಗೆಯಲ್ಲಿ ಅಕ್ಷರ, ಚಿತ್ರ ಕೊರೆಯುವ ಪುಟ್ಟ ಸಿಎನ್‌ಸಿ ಮಷೀನೊಂದನ್ನು ಕೈಯಾರೆ ಕಟ್ಟಬೇಕೆಂಬ ಹುಚ್ಚು ತಲೆಗೆ ಹತ್ತಿತ್ತು. ಅಲ್ಯೂಮಿನಿಯಂ ಚೌಕಟ್ಟು, ಮೂರು ಮೋಟಾರು ಎಲ್ಲ ಜೋಡಿಸಿಯಾಗಿತ್ತು. ಉಳಿದದ್ದು ಕರೆಂಟಿನ ಕೆಲಸ. ನಾನು ಹೆದರುತ್ತಿದ್ದದ್ದೂ ಅದಕ್ಕೇ.

ಪವರ್ ಸಪ್ಲೈಗಾಗಿ ಹಾಸನದ ಅಂಗಡಿಗೆ ಮೂರು ಸಲ ಹೋದೆ. ಒಂದೊಂದು ಮೋಟಾರಿಗೆ ಮೂರು ಆಂಪಿಯರ್ ಬೇಕು. ಅಂಗಡಿಯವನು ಹತ್ತು ಆಂಪಿಯರಿನದು ಮುಂದಿಟ್ಟು, "ಇದೇ ಧಾರಾಳ ಆಯ್ತದೆ ಸಾ" ಅಂದ. ಮೂರೂ ಒಟ್ಟಿಗೆ ಎಳೆದರೆ ಅದು ಏದುಸಿರು ಬಿಡುತ್ತದೆ ಅನ್ನಿಸಿ ಹದಿನೈದರದ್ದು ತಂದೆ. ಕೊರೆಯುವ ಸ್ಪಿಂಡಲ್‌ಗೆ ಬೇರೆಯದೇ ಸಪ್ಲೈ. ಎರಡರಿಂದಲೂ ಹಸಿರು ಅರ್ಥಿಂಗ್ ವಯರು ಎಳೆದು ಚೌಕಟ್ಟಿಗೆ ಬೋಲ್ಟು ಬಿಗಿದೆ. ಎಲ್ಲಾದರೂ ಕರೆಂಟು ಸೋರಿದರೆ ಅದನ್ನು ಭೂಮಿಗೆ ಇಳಿಸುವುದು ಆ ವಯರಿನ ಕೆಲಸ.

ಶನಿವಾರ ಸಂಜೆ ಪ್ಲಗ್ಗು ಹಾಕಿ ನೋಡಿದೆ. ವೋಲ್ಟೇಜು ಸರಿಯಾಗಿತ್ತು. ಸ್ವಿಚ್ ಆರಿಸಿ, ಪ್ಲಗ್ಗು ಹಾಗೇ ಬಿಟ್ಟು ಎದ್ದೆ.

ಭಾನುವಾರ ಬೆಳಿಗ್ಗೆ ಚೌಕಟ್ಟಿನ ದೂಳು ಒರೆಸಲು ಕೈ ಇಟ್ಟೆನಷ್ಟೆ, ಯಾರೋ ರಟ್ಟೆ ಹಿಡಿದು ಎಸೆದಂತಾಯಿತು. ಮೊಣಕೈ ಗೋಡೆಗೆ ಬಡಿಯಿತು. ಸ್ವಿಚ್ ಆಫ್ ಆಗಿಯೇ ಇತ್ತು. ಟೆಸ್ಟರ್ ತಂದು ಚೌಕಟ್ಟಿಗೆ ಇಟ್ಟೆ. ದೀಪ ಉರಿಯಿತು.

ಎಲ್ಲಿ ತಪ್ಪಿದೆ? ಮಧ್ಯಾಹ್ನದವರೆಗೆ ಒಂದೊಂದೇ ತುದಿ ಬಿಚ್ಚಿ ಮತ್ತೆ ಕಟ್ಟಿದೆ. ಟೆಸ್ಟರ್ ಉರಿಯಲಿಲ್ಲ. ಸದ್ಯ, ಸರಿಹೋಯಿತು ಅಂದುಕೊಂಡೆ. ಸೋಮವಾರ ಬೆಳಿಗ್ಗೆ ಇಟ್ಟರೆ ಮತ್ತೆ ಉರಿಯಿತು! ಅದೇ ಹೊತ್ತಿಗೆ ನನ್ನ ಹೆಂಡತಿ ಕಾಫಿ ತಂದಳು. ಸ್ಟೀಲ್ ಲೋಟವನ್ನು ಮಷೀನಿನ ಮೇಲೆ ಇಡಲು ಬಗ್ಗಿದಳು.

"ಮುಟ್ಟಬೇಡ!"

ನಾನು ಕಿರುಚಿದ ರಭಸಕ್ಕೆ ಕಾಫಿ ಅವಳ ಸೀರೆಯ ಮೇಲೆ ತುಳುಕಿತು. ಅವಳು ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತ ನಿಂತಳು. ಇನ್ನು ಇದು ನನ್ನಿಂದಾಗದು ಅನ್ನಿಸಿತು.

ಮೊಸಳೆ ಅನ್ನುವ ಊರಿನ ಕಡೆಯವರೊಬ್ಬರು ನಮ್ಮಲ್ಲಿ ಪಂಪ್‌ಸೆಟ್ ರಿಪೇರಿಗೆ ಬರುತ್ತಿದ್ದರು. ಟೆಸ್ಟರ್ ಬೆಳಿಗ್ಗೆ ಉರಿದದ್ದು, ಮಧ್ಯಾಹ್ನ ಉರಿಯದಿದ್ದದ್ದು ಎಲ್ಲ ಫೋನಿನಲ್ಲೇ ಹೇಳಿ ಕರೆದೆ. ಮಂಗಳವಾರ ಬೆಳಿಗ್ಗೆ ಬಂದವರು ನನ್ನ ವಯರುಗಳನ್ನು ನೋಡಲೇ ಇಲ್ಲ. ಮಷೀನಿನ ಪ್ಲಗ್ಗು ಕಿತ್ತರು. ಚೌಕಟ್ಟಿನಲ್ಲಿ ಕರೆಂಟಿರಲಿಲ್ಲ. ಗೋಡೆಯ ಪ್ಲಗ್ಗಿನ ಅರ್ಥಿಂಗ್ ತೂತಿಗೆ ಟೆಸ್ಟರ್ ಇಟ್ಟರು. ಉರಿಯಿತು.

"ನಿಮ್ ಮಷೀನ್ದೇನೂ ತೆಪ್ಪಿಲ್ಲ ಸಾ. ಕರೆಂಟು ಅರ್ಥಿಂಗ್ ವೈರ್ನಾಗೇ ಬತ್ತಾ ಅದೆ" ಅಂದರು. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ ಕೇಳಿದರು: "ಅಕ್ಕಾರೆ, ಬೆಳಿಗ್ಗೆ ವತ್ತು ಏನೇನ್ ಆಕ್ತೀರಾ ಮನೇಲಿ?"

"ಗೀಸರ್ ಹಾಕ್ತೀನಿ. ಈಗಲೂ ಹಾಕಿದೆ."

"ಓಗಿ ಆರ್ಸ್‌ಬುಡಿ."

ಅವಳು ಹೋದಳು. ಬಚ್ಚಲುಮನೆಯಲ್ಲಿ ಸ್ವಿಚ್ಚು ಟಕ್ ಅಂದಿತು. ಟೆಸ್ಟರಿನ ದೀಪ ಆರಿಹೋಯಿತು.

ವಾಪಸು ಬಂದು ಬಾಗಿಲಲ್ಲಿ ನಿಂತ ಅವಳು ದನಿ ಏರಿಸದೆ ಹೇಳಿದಳು: "ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತೆ ಅಂತ ಎಷ್ಟು ಸಲ ಹೇಳಿದೆ ನಿಮಗೆ? ಚಳಿಗೆ ಕೈ ಜೋಮು ಹಿಡಿದಿರುತ್ತೆ ಅಂದ್ರಿ."

ಅಂದಿದ್ದೆ, ನಿಜ. ಅದೂ ಪೇಪರ್ ಓದುತ್ತ, ತಲೆ ಎತ್ತದೆ.

ಹಿತ್ತಿಲಿಗೆ ಹೋದೆವು. ಕೊಳಾಯಿ ಪೈಪಿಗೆಂದು ಹಿಂದಿನ ವರ್ಷ ಅಗೆಸಿದ್ದ ಜಾಗದಲ್ಲಿ ಅರ್ಥಿಂಗ್ ತಂತಿ ತುಂಡಾಗಿ ಗೋಡೆಗೆ ಜೋತುಬಿದ್ದಿತ್ತು. ಗೀಸರ್‌ನಲ್ಲಿ ಸೋರುತ್ತಿದ್ದ ಕರೆಂಟಿಗೆ ಭೂಮಿಗೆ ಇಳಿಯುವ ದಾರಿಯೇ ಇರಲಿಲ್ಲ. ಅದು ಹಸಿರು ವಯರು ಹಿಡಿದು ಫ್ರಿಜ್ಜಿಗೆ, ಕಡೆಗೆ ನನ್ನ ಮಷೀನಿಗೂ ಬರುತ್ತಿತ್ತು.

"ಒದ್ದೆ ಕಾಲಾಗೆ ಅಕ್ಕಾರೇನಾರ ನಲ್ಲಿ ಗಟ್ಟಿಯಾಗಿ ಇಡ್ಕಂಡಿದ್ರೆ..." ಅಂದರು.

ಅರ್ಥಿಂಗ್ ಚಿತ್ರವನ್ನು ಪ್ರತಿವರ್ಷ ಬೋರ್ಡಿನ ಮೇಲೆ ಬರೆದು ಮಕ್ಕಳಿಂದ ಬಾಯಿಪಾಠ ಮಾಡಿಸುವವನು ನಾನು. ಸ್ಕೂಲಿಗೆ ರಜೆ ಹಾಕಿ ಮೆಟ್ಟಿಲ ಮೇಲೆ ಕೂತೆ. ಹೆಂಡತಿ ಬಂದು ಪಕ್ಕದಲ್ಲಿ ಕೂತಾಗ, "ತಪ್ಪಾಯ್ತು ಕಣೇ" ಅಂದೆ. ಅವಳು ಎದ್ದು ಹೋಗಲಿಲ್ಲ.

ಆ ವಾರವೇ ಅರ್ಥಿಂಗ್‌ಗೆ ಹೊಸ ಗುಂಡಿ ತೋಡಿಸಿ, ಪೈಪು ಇಳಿಸಿ, ಇದ್ದಿಲು ಉಪ್ಪು ತುಂಬಿಸಿದೆವು. ಗೀಸರ್ ಬದಲಾಯಿತು. ಕರೆಂಟು ಸೋರಿದ ತಕ್ಷಣ ತಾನಾಗಿ ಕತ್ತರಿಸುವ ಬ್ರೇಕರ್ ಮೀಟರಿನ ಪಕ್ಕ ಬಂತು.

ಮುಂದಿನ ಭಾನುವಾರ ಮಷೀನು ಶುರು ಮಾಡುವಾಗ ಒಂದು ಕೈ ಮಷೀನು ನಿಲ್ಲಿಸುವ ಕೆಂಪು ಗುಂಡಿಯ ಮೇಲೇ ಇತ್ತು. ಮೋಟಾರುಗಳು ಗುಂಯ್ ಅಂದವು. ಹಲಗೆಯ ಮೇಲೆ ಒಂದು ವೃತ್ತ ನಿಧಾನವಾಗಿ ಕೊರೆದು ಮುಗಿಯಿತು. ಶುರುವಾದ ಕಡೆಗೂ ಮುಗಿದ ಕಡೆಗೂ ಕೂದಲೆಳೆಯಷ್ಟು ಅಂತರ ಉಳಿದಿತ್ತು. "ಇನ್ನೊಂದು ಸಲ ಮಾಡಿ" ಅಂದು ಹೆಂಡತಿ ಸ್ಟೂಲು ಎಳೆದುಕೊಂಡು ಕೂತಳು. ಆಮೇಲೆ ಅರಕಲಗೂಡಿನ ತಂಗಿಗೆ ಫೋನ್ ಹಚ್ಚಿ, "ನಿಮ್ಮನೆ ಗೀಸರ್ ಹಾಕಿದಾಗ ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತೇನೇ?" ಎಂದು ವಿಚಾರಿಸತೊಡಗಿದಳು.