ಮೂಸೆಗೆ ಕವುಚಿದ ಕರಟ

ಆ ಭಾನುವಾರ ಬೆಳಿಗ್ಗೆ ಮಾಡಿದ ಕೆಲಸಗಳು: ಹಸು ಕರೆದದ್ದು, ರಾಗಿ ಹಸನು ಮಾಡಿದ್ದು, ಅಟ್ಟದ ಕಾಯಿಗಳನ್ನು ಅಲ್ಲಾಡಿಸಿ ಕೊಬ್ಬರಿಯಾದವನ್ನು ಬೇರೆ ಇಟ್ಟದ್ದು, ಯಜಮಾನರ ಅಂಗಿಗೆ ಗುಂಡಿ ಹೊಲಿದದ್ದು, ವೆನೇಡಿಯಂ ಆಕ್ಸೈಡ್ ಮತ್ತು ಫಾಸ್ಫೇಟ್ ಪುಡಿಗಳನ್ನು ತೂಗಿ ಎರಡು ಪೊಟ್ಟಣ ಕಟ್ಟಿದ್ದು.

ಆಗ ನಾನು ತಿಪಟೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತ, ನಲವತ್ತು ದಾಟಿದ ಮೇಲೆ ಪಿಎಚ್.ಡಿ.ಗೆ ಕೈ ಹಾಕಿದ್ದೆ. ಗಾಜಿನಲ್ಲಿ ಕರೆಂಟು ಹರಿಯುವುದಿಲ್ಲವೆಂದು ಬೆಳಿಗ್ಗೆ ತರಗತಿಯಲ್ಲಿ ಹೇಳಿ, ಸಂಜೆ ಹರಿಯುವ ಗಾಜನ್ನೇ ಅಳೆಯುತ್ತಿದ್ದೆ. ವೆನೇಡಿಯಂ ಬೆರೆತ ಗಾಜಿನಲ್ಲಿ ಎಲೆಕ್ಟ್ರಾನು ಒಂದು ಅಯಾನಿನಿಂದ ಪಕ್ಕದ್ದಕ್ಕೆ ಜಿಗಿಯುತ್ತದೆ. ಜಿಗಿಯಬೇಕಾದರೆ ಒಂದರ ಬಳಿ ಎಲೆಕ್ಟ್ರಾನು ಹೆಚ್ಚಿಗೆ ಇರಬೇಕು, ಪಕ್ಕದ್ದರಲ್ಲಿ ಜಾಗ ಖಾಲಿ ಇರಬೇಕು.

ಕಾಲೇಜಿನ ಕರೆಂಟು ಕುಲುಮೆ ಹೆಸರಿಗಷ್ಟೇ ಇತ್ತು. ತೋಟಗಳ ಪಂಪ್‌ಸೆಟ್ಟುಗಳು ಶುರುವಾದರೆ ವೋಲ್ಟೇಜು ಕುಸಿದು, ಪುಡಿ ಕರಗುವಷ್ಟು ಕಾವು ಏರುತ್ತಿರಲಿಲ್ಲ. ಹಾಗಾಗಿ ನಮ್ಮ ಬೀದಿ ಕೊನೆಯ ಕಮ್ಮಾರರ ಕುಲುಮೆಯಲ್ಲಿ, ಕರಟದ ಇದ್ದಿಲಿನ ಮೇಲೆ ಮೂಸೆಯಿಟ್ಟು, ಅದರಲ್ಲಿ ಗಾಜು ಕರಗಿಸುತ್ತಿದ್ದೆ. ಒಂದೇ ಮಿಶ್ರಣವನ್ನು ನಾಲ್ಕು ಸಲ ಕರಗಿಸಿ ನಾಲ್ಕು ಬಿಲ್ಲೆ ಎರಕ ಹೊಯ್ದಿದ್ದೆ. ಮೂರು ಒಂದೇ ಲೆಕ್ಕ ಕೊಟ್ಟವು. ನಾಲ್ಕನೆಯದರಲ್ಲಿ ಕರೆಂಟು ಹಲವು ಪಟ್ಟು ಹೆಚ್ಚು. ಈ ಗೊಂದಲ ಬಗೆಹರಿಯದಿದ್ದರೆ ಪ್ರಬಂಧದ ಆ ಅಧ್ಯಾಯವನ್ನೇ ಕೈಬಿಡಿ ಎಂದು ಮೈಸೂರಿನಿಂದ ನನ್ನ ಮಾರ್ಗದರ್ಶಕರು ಬರೆದಿದ್ದರು. ಅದು ಎರಡು ವರ್ಷದ ಕೆಲಸ.

“ಮೂರು ಒಂದೇ ಮಾತು ಹೇಳ್ತಾವಲ್ಲ, ನಾಕನೇದ್ನ ಬುಡು ಅತ್ಲಾಗೆ,” ಎಂದರು ಯಜಮಾನರು. “ಕೊಬ್ಬರೀಲಿ ಕೆಟ್ಟಿದ್ದ ನಾವು ಎತ್ತಿ ಎಸೆಯಲ್ವಾ?”

“ಯಾಕೆ ಕೆಡ್ತು ಅಂತ ಗೊತ್ತಾಗ್ಲಿ, ಆಮೇಲೆ ಎಸೀತೀನಿ.”

“ಎಸೆಯೋಳಲ್ಲ ಬುಡು ನೀನು. ಮದ್ವೇಲಿ ಕೊಟ್ಟ ಪ್ಲಾಸ್ಕು ಇನ್ನೂ ಅಟ್ಟದ ಮ್ಯಾಲೈತೆ.”

ಪೊಟ್ಟಣ ಹಿಡಿದು ಕುಲುಮೆಗೆ ಹೋದೆ. ಕಮ್ಮಾರರು ಕುಡುಗೋಲು ಬಡಿಯುತ್ತಿದ್ದರು. ನನ್ನನ್ನು ಕಂಡು ಮೂಗು ಒರೆಸಿಕೊಂಡರು. ಫಾಸ್ಫೇಟು ಕಾದಾಗ ಏಳುವ ಅಮೋನಿಯಾ ಅವರಿಗೆ ಆಗದು.

“ಬಂದ್ರಾ ಅಮ್ಮಾರು? ಇವತ್ತೂ ಕೊಟ್ಟಿಗೆ ವಾಸನೆನಾ?”

“ಇವತ್ತು ಎರಡು ಸಲ. ಮೊದ್ಲು ಒಂದು ಮಾತು. ನಾಕನೇ ಸಲ ಹೊಗೆಗೆ ಕೆಮ್ಮು ಬಂದು ನಾನು ಹೊರಗೆ ಕೂತಿದ್ನಲ್ಲ, ಆಗ ಏನಾದ್ರೂ ಬೇರೆ ಮಾಡಿದ್ರಾ?”

“ಏನೂ ಇಲ್ಲ ಕಣಮ್ಮ.” ತಿದಿ ಎರಡು ಸಲ ಒತ್ತಿ, ನೆನೆದು ಹೇಳಿದರು: “ಮೂಸೆಯ ಮಣ್ಣಿನ ಮುಚ್ಚಳ ಸೀಳು ಬಿಟ್ಟಿತ್ತು. ಬೂದಿ ಬೀಳ್ತದೆ ಅಂತ ಒಂದು ಕರಟ ಕವುಚ್ದೆ. ಅದು ಉರಿದೋಯ್ತು, ಇನ್ನೊಂದು ಇಟ್ಟೆ.”

“ಕರಟಾನಾ?”

“ನಿಮ್ಮನೇಲಿ ಮೊಸರಿಗೆ ಏನ್ ಮುಚ್ತೀರಿ, ಬೆಳ್ಳಿ ತಟ್ಟೆನಾ?”

ನಮ್ಮಲ್ಲಿ ಮೊಸರಿನ ಕುಡಿಕೆಗೆ, ಉಪ್ಪಿನ ಗಡಿಗೆಗೆ, ಎಲ್ಲದಕ್ಕೂ ಕರಟವೇ ಮುಚ್ಚಳ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಇಡುತ್ತಿದ್ದೆ. ಆದರೆ ಉರಿಯುವ ಕರಟ ಕರಗಿದ ಗಾಜಿನಿಂದಲೂ ಆಮ್ಲಜನಕ ಎಳೆದುಕೊಳ್ಳುತ್ತದೆ. ಆಗ ಎಲೆಕ್ಟ್ರಾನು ಹೆಚ್ಚಿಗೆ ಇರುವ ವೆನೇಡಿಯಂ ಹೆಚ್ಚಾಗುತ್ತದೆ, ಜಿಗಿತವೂ ಹೆಚ್ಚುತ್ತದೆ. ಇದು ನನ್ನ ಊಹೆ. ಊಹೆಯನ್ನು ಅಧ್ಯಾಯಕ್ಕೆ ಅಂಟಿಸುವಂತಿರಲಿಲ್ಲ.

ಮೊದಲ ಪೊಟ್ಟಣವನ್ನು ಹೊಸ ಮಣ್ಣಿನ ಮುಚ್ಚಳ ಹಾಕಿ ಕರಗಿಸಿದೆವು. ನಾಲ್ಕನೆಯದು ತಪ್ಪಿದ್ದು ಕರಟದಿಂದಲೇ ಇರಬೇಕೆಂದು ಅವರಿಗೆ ತಿಳಿಸಿ, ಎರಡನೆಯದಕ್ಕೆ ಕರಟ ಕವುಚಲು ಹೇಳಿದೆ.

“ತಪ್ಪು ಅಂತೀರಿ, ಮತ್ತೆ ಅದನ್ನೇ ಮಾಡ್ಸ್ತೀರಿ,” ಎಂದರು ಕಮ್ಮಾರರು.

“ಅದೇ ತಪ್ಪು ಇನ್ನೊಂದ್ಸಲ ಸರಿಯಾಗಿ ಆಗ್ಬೇಕು.”

ಈ ಸಲ ಹೊರಗೆ ಹೋಗಲಿಲ್ಲ. ಬಾಯಿಗೆ ಸೆರಗು ಕಟ್ಟಿ, ತಿದಿಯನ್ನು ನಾನೇ ಒತ್ತಿದೆ. ಹಿತ್ತಾಳೆ ತಟ್ಟೆಗಳ ನಡುವೆ ಎರಡು ಬಿಲ್ಲೆ ಒತ್ತಿ ತೆಗೆದು, ಇದಕ್ಕೆ ಸಾಲುವಷ್ಟು ಕಾವಿದ್ದ ಕಾಲೇಜಿನ ಒಲೆಯಲ್ಲಿ ಹದವಾಗಿ ತಣಿಸಿ, ತಂತಿ ತಾಗಿಸಲು ಎರಡೂ ಬದಿಗೆ ಬೆಳ್ಳಿಯ ಬಣ್ಣ ಬಳಿದೆ. ಮೀಟರಿನ ಮುಂದೆ ಕೂತಾಗ ಸಂಜೆಯಾಗಿತ್ತು. ಮಣ್ಣಿನ ಮುಚ್ಚಳದ್ದು ಮೊದಲ ಮೂರರ ಜೊತೆ ಸೇರಿತು. ಕರಟದ್ದು ನಾಲ್ಕನೆಯದರ ಪಕ್ಕಕ್ಕೇ ಹೋಗಿ ನಿಂತಿತು. ಮೂರು ಸಲ ಅಳೆದೆ. ಮುಳ್ಳು ಮಾತು ಬದಲಿಸಲಿಲ್ಲ.

ನಾಲ್ಕನೆಯ ಬಿಲ್ಲೆಯನ್ನು ಅಧ್ಯಾಯದಲ್ಲೇ ಉಳಿಸಿಕೊಂಡು, ಮೂಸೆಯನ್ನು ಹೇಗೆ ಮುಚ್ಚಿದ್ದೆವೆಂಬುದನ್ನೂ ಬರೆಯುತ್ತೇನೆಂದು ಮೈಸೂರಿಗೆ ಕಾಗದ ಬರೆದು ಅಂಚೆ ಡಬ್ಬಿಗೆ ಹಾಕಿಯೇ ಮನೆಗೆ ಬಂದೆ.

ಯಜಮಾನರು ಮುದ್ದೆ ತೊಳಸಿ, ಹುರುಳಿಕಾಳಿನ ಸಾರು ಬಿಸಿ ಮಾಡಿಟ್ಟಿದ್ದರು. ಮುದ್ದೆಯಲ್ಲಿ ಎರಡು ಗಂಟಿದ್ದವು. ಎರಡು ಮುದ್ದೆ ಉಂಡೆ. ತೋಟಕ್ಕೆ ನೀರು ತಿರುಗಿಸಿ ಬರುತ್ತೇನೆಂದು ಅವರು ಹೊರಟಾಗ ಚಾಪೆ ಹಾಸಿ ಮಲಗಿದೆ. ಅವರು ವಾಪಸು ಬಂದದ್ದು ನನಗೆ ಗೊತ್ತಾಗಲಿಲ್ಲ.