ಕುಂಕುಮದಡಿಯ ನಂಬರು

ಹಳೆಯ ಜೀಪು ಅಸಲಿಯೋ ನಕಲಿಯೋ ಎಂಬ ಪ್ರಶ್ನೆ ಬಂದರೆ ಬೆಳಗಾವಿಯಲ್ಲಿ ನನ್ನದೇ ಕೊನೆಯ ಮಾತು ಎಂಬ ಹೆಸರಿತ್ತು. ಆ ಹೆಸರು ನನಗೆ ಇಷ್ಟವೂ ಆಗಿತ್ತು, ಸುಳ್ಳೇಕೆ ಹೇಳಲಿ. ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ತಯಾರಾಗಿ, ಮುಂದೆ ಮಿಲಿಟರಿ ಹರಾಜಿನಲ್ಲಿ ಊರೊಳಗೆ ಬಂದ ಜೀಪುಗಳು ಈ ಕಡೆ ಒಂದಷ್ಟು ಇವೆ. ಅವುಗಳ ವೇಷ ಹಾಕಿಕೊಂಡ ಇಲ್ಲಿಯ ಜೀಪುಗಳು ಅದಕ್ಕಿಂತ ಹೆಚ್ಚು. ಅಸಲಿಯ ಮುಂದಿನ ಜಾಳಿಗೆಯಲ್ಲಿ ಒಂಬತ್ತು ಸೀಳುಗಳಿರುತ್ತವೆ. ಹೆಡ್‌ಲೈಟನ್ನು ಹಿಂದಕ್ಕೆ ಮಗುಚಿದರೆ ಬೆಳಕು ಇಂಜಿನ್ನಿನ ಮೇಲೆ ಬೀಳುತ್ತದೆ. ಚಾಸಿಯ ಎಡಗಡೆ, ಒಳಮಗ್ಗುಲಿಗೆ, ನಂಬರಿನ ಚಿಕ್ಕ ಬಿಲ್ಲೆಯೊಂದನ್ನು ರಿವೆಟ್ ಹೊಡೆದು ಕೂರಿಸಿರುತ್ತಾರೆ.

ಮೊದಲಿನ ಎರಡನ್ನು ನಾನು ನಂಬುತ್ತಿರಲಿಲ್ಲ. ಎರಕದ ಕಾರ್ಖಾನೆಗಳಿರುವ ಉದ್ಯಮಬಾಗದ ನನ್ನ ವರ್ಕ್‌ಶಾಪಿನಲ್ಲಿ ಅಂಥ ಜಾಳಿಗೆಗಳನ್ನು, ಅಂಥ ಲೈಟುಗಳನ್ನು ನಾನೇ ಎಷ್ಟೋ ಗಾಡಿಗಳಿಗೆ ಮಾಡಿಕೊಟ್ಟಿದ್ದೇನೆ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ನನಗೆ ಬಿಲ್ಲೆಯೊಂದೇ ಸಾಕ್ಷಿ.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಖಾನಾಪುರದ ಒಂದು ಜೈನ ಮನೆಯಿಂದ ಕರೆ ಬಂತು. ಹಂಚಿನ ಭಟ್ಟಿ ನಡೆಸುತ್ತಿದ್ದ ಯಜಮಾನರು ತೀರಿಕೊಂಡು ವರ್ಷವಾಗಿತ್ತು. ಅವರ ಜೀಪನ್ನು ಬೆಳಗಾವಿಯ ಹಳೆ ಗಾಡಿಗಳ ಪ್ರದರ್ಶನಕ್ಕೆ ತರಬೇಕೆಂದು ಮಗನ ಆಸೆ. ಅಸಲಿ ಎಂದು ನಾನು ಹೇಳಿದರೆ ಮಾತ್ರ ಅಲ್ಲಿ ಜಾಗ.

ಸೀಳುಗಳು ಒಂಬತ್ತೇ ಇದ್ದವು. ಲೈಟು ಮಗುಚಿತು. ಗೋಣಿಚೀಲ ಹಾಸಿಕೊಂಡು ಅಡಿಗೆ ನುಸುಳಿ ಬ್ಯಾಟರಿಯ ಬೆಳಕು ಬಿಟ್ಟು ನೋಡಿದೆ. ಬಿಲ್ಲೆ ಇರಬೇಕಾದಲ್ಲಿ ಬರೀ ರಿವೆಟ್ಟಿನ ತೂತುಗಳು; ಅಂಥ ತೂತು ಯಾರು ಬೇಕಾದರೂ ಕೊರೆಯಬಹುದು. ಕಾಗದಪತ್ರದಲ್ಲಿದ್ದ ನಂಬರಿನ ಫೋಟೊವನ್ನು ಮೊಬೈಲಿನಲ್ಲಿ ತೆಗೆದುಕೊಂಡು, ಮೊಣಕಾಲಿನ ಧೂಳು ಕೊಡವಿ ತೀರ್ಪು ಕೊಟ್ಟೆ.

"ಕಾಗದ ಖರೇ ಅದಾವು, ಗಾಡಿ ಡುಪ್ಲಿಕೇಟ್ ಐತಿ. ಯಾವುದೋ ಅಸಲಿ ಗಾಡಿ ಕಾಗದ ತಂದು ಇದಕ್ಕ ಜೋಡಿಸ್ಯಾರ."

"ಉಳದದ್ದೆಲ್ಲಾ ಬರೋಬ್ಬರಿ ಐತೆಲ್ರಿ?" ಎಂದ ಮಗ.

"ಉದ್ಯಮಬಾಗದಾಗ ನಾವು ಅಮೆರಿಕಾನೂ ಎರಕಾ ಹೊಯ್ದು ಕೊಡ್ತೇವಿ," ಎಂದು ನಕ್ಕೆ.

ಕಟ್ಟೆಯ ಮೇಲೆ ನಿಂತಿದ್ದ ಅವನ ತಾಯಿ ನಗಲಿಲ್ಲ. "ಹಂಗಾರ ನಮ್ಮನಿಯವ್ರು ನನಗ ಸುಳ್ಳ ಹೇಳಿದ್ರೇನ್ರಿ? ನನ್ನ ಬಂಗಾರದ ಪಾಟ್ಲಿ ಮಾರಿ ತಂದಿದ್ರು ಇದನ್ನ. ಅಮೆರಿಕಾದ್ದು, ತಾಲೂಕಿನ್ಯಾಗ ಇಂಥಾದ್ದು ಇನ್ನೊಂದಿಲ್ಲ ಅಂತ ಆಣಿ ಮಾಡಿದ್ರು."

ಬಿಲ್ಲೆ ಇಲ್ಲ, ಹಾಗಾಗಿ ಹೇಳಲು ಬರುವುದಿಲ್ಲ ಎಂದಿದ್ದರೆ ಸಾಕಿತ್ತು. ನನ್ನ ಜಾಣತನ ಸುಮ್ಮನಿರಲಿಲ್ಲ. "ಅವ್ರಿಗೂ ಯಾರರ ಟೋಪಿ ಹಾಕಿರಬೇಕ್ರಿ ಅವ್ವಾರ," ಎಂದೆ.

"ಗಾಡಿ ವಿಷಯದಾಗ ಅವ್ರಿಗೆ ಟೋಪಿ ಹಾಕಾವ್ರು ಯಾರೂ ಇದ್ದಿದ್ದಿಲ್ಲ," ಎಂದು ಆಕೆ ಒಳಗೆ ಹೋದರು.

ದಸರೆಯ ಆಯುಧಪೂಜೆ, ನಮ್ಮ ಕಡೆಯ ಖಂಡೆ ಪೂಜೆ, ಬಂತು. ವರ್ಕ್‌ಶಾಪು ಮೊದಲು ನನಗೆ ಕೆಲಸ ಕಲಿಸಿದ ಉಸ್ತಾದರದಾಗಿತ್ತು; ಅವರಿಗೆ ಒಂದು ಪದ್ಧತಿ ಇತ್ತು. ಗಾಡಿಗೆ ಬಣ್ಣ ಹೊಡೆಯುವ ಮೊದಲು, ಅಂಕಿಗಳಲ್ಲಿ ಬಣ್ಣ ತುಂಬಬಾರದೆಂದು ನಂಬರಿನ ಬಿಲ್ಲೆ ಬಿಚ್ಚಿ ಗೋಡೆಯ ಮೊಳೆಗೆ ತೂಗುಹಾಕುವುದು, ಬಣ್ಣ ಒಣಗಿದ ಮೇಲೆ ಮತ್ತೆ ಕೂರಿಸುವುದು. ಅವಸರದವರು ಬಿಲ್ಲೆ ಕೂರಿಸಲು ಕಾಯದೆ ಗಾಡಿ ಒಯ್ದಿದ್ದರಿಂದ, ನಾನು ಸೇರುವ ಮೊದಲೇ ನಾಲ್ಕು ಬಿಲ್ಲೆಗಳು ಅಲ್ಲೇ ಉಳಿದಿದ್ದವು. ಉಸ್ತಾದರು ಹತ್ಯಾರಗಳ ಜೊತೆ ಅವಕ್ಕೂ ಕುಂಕುಮ ಹಚ್ಚುತ್ತಿದ್ದರು. ಅವರು ಹೋದ ಮೇಲೆ ನಾನೂ ಹಚ್ಚಿದೆ. ಯಾರವು ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ. ಎಣ್ಣೆ, ಕುಂಕುಮ ಸೇರಿ ಹಕ್ಕಳೆಗಟ್ಟಿ ಅಂಕಿ ಕಾಣದಂತಾಗಿದ್ದವು.

ಆ ಸಲ ಗೋಡೆಗೆ ಸುಣ್ಣ ಹೊಡೆಸಬೇಕೆಂದು ಬಿಲ್ಲೆಗಳನ್ನು ಇಳಿಸಿ ಸೀಮೆಎಣ್ಣೆಯಲ್ಲಿ ನೆನೆಹಾಕಿದೆ. ಉಜ್ಜಿದಾಗ ಒಂದರ ನಂಬರನ್ನು ಎಲ್ಲೋ ನೋಡಿದ್ದೇನಲ್ಲ ಎನಿಸಿತು. ಮೊಬೈಲಿನಲ್ಲಿ ಖಾನಾಪುರದ ಆ ಕಾಗದದ ಫೋಟೊ ತೆರೆದೆ. ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಓದಿದೆ. ಎಲ್ಲವೂ ತಾಳೆಯಾದವು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕುವವರನ್ನು ಕಂಡು ನಕ್ಕವನು ನಾನು.

ಖಾನಾಪುರಕ್ಕೆ ಒಂದೇ ತಾಸಿನ ದಾರಿ, ಮರುದಿನ ಬೆಳಿಗ್ಗೆಯೇ ಹೋಗಬಹುದಿತ್ತು. ಹೋಗಲಿಲ್ಲ. ಮೊಣಕಾಲು ನೋವು ಎಂದುಕೊಂಡೆ, ಕೆಲಸ ಬಹಳ ಎಂದುಕೊಂಡೆ. ಖರೆ ಎಂದರೆ ನಾಚಿಕೆ. ಊರಿನ ಗಾಡಿಗಳಿಗೆಲ್ಲ ನಕಲಿ ಎಂದು ಹಣೆಪಟ್ಟಿ ಹಚ್ಚುವವನು ಅಸಲಿಯ ಬಿಲ್ಲೆಯನ್ನು ತನ್ನ ಗೋಡೆಗೇ ಹಾಕಿಕೊಂಡು ಪೂಜೆ ಮಾಡುತ್ತಿದ್ದ ಎಂದು ಜನ ಆಡಿಕೊಳ್ಳುತ್ತಾರೆ ಎಂಬ ಭಯ. ಬಿಲ್ಲೆಯನ್ನು ಡ್ರಾವರಿನಲ್ಲಿಟ್ಟೆ. ಆ ಹೆಣ್ಣುಮಗಳು ಅಲ್ಲಿ ಸತ್ತ ಗಂಡನ ಮೇಲೆ ಸಿಟ್ಟು ಹೊತ್ತು ಕೂತಿರಬಹುದೆಂದು ಗೊತ್ತಿದ್ದೂ ಇಟ್ಟೆ. ದೀಪಾವಳಿ ಹೋಯಿತು. ಸಂಕ್ರಾಂತಿಯೂ ಆಯಿತು. ಡ್ರಾವರು ಎಳೆದಾಗಲೆಲ್ಲ ಅದು ಕೈಗೆ ಸಿಗುತ್ತಿತ್ತು. ಒಂದು ಮಧ್ಯಾಹ್ನ ತಡೆಯಲಾರದೆ ಹೊರಟೆ.

ಜೀಪು ನಿಲ್ಲುತ್ತಿದ್ದ ಛಪ್ಪರದಲ್ಲಿ ಕಟ್ಟಿಗೆ ಒಟ್ಟಿದ್ದರು. "ಅವ್ವಗ ಅದನ್ನ ನೋಡಾಕ ಆಗವಲ್ದಾಗಿತ್ರಿ," ಎಂದ ಮಗ. "ಹ್ವಾದ ತಿಂಗಳ ಗುಜರಿಗೆ ಹಾಕಿದ್ವಿ."

ತಾಯಿಯ ಕೈಗೆ ಬಿಲ್ಲೆ ಕೊಟ್ಟೆ. ಉಸ್ತಾದರ ಪದ್ಧತಿ ಹೇಳಿದೆ, ಗಾಡಿ ಅಸಲಿಯೇ ಇತ್ತು, ತಪ್ಪು ನನ್ನದು ಎಂದೆ. ಆಕೆ ಅಂಕಿಗಳ ಮೇಲೆ ಹೆಬ್ಬೆರಳು ಆಡಿಸಿದರು.

"ಹಂಗಾರ ಅವ್ರು ಖರೇನ ಹೇಳಿದ್ರು," ಎಂದು ಸೆರಗಿನಿಂದ ಬಿಲ್ಲೆ ಒರೆಸಿದರು. ಆಮೇಲೆ ಕೇಳಿದರು: "ಇದು ಯಾವಾಗ ಸಿಕ್ತ್ರಿ ಅಣ್ಣಾರ?"

"ನಿನ್ನಿ ಸಿಕ್ತ್ರಿ," ಎಂದೆ.

"ಸಿಕ್ಕ ಕೂಡ್ಲೇ ಓಡಿ ಬಂದ್ರೆಲ್ಲಾ. ಪುಣ್ಯಾ ಬರ್ತೈತಿ ನಿಮಗ. ಹೊತ್ತು ಮುಳುಗಾಕ ಬಂತು, ಊಟಾ ಮಾಡ್ಕೊಂಡ ಹೋಗ್ರಿ."

ಬಿಲ್ಲೆಯನ್ನು ಯಜಮಾನರ ಫೋಟೊದ ಮುಂದಿಟ್ಟು ಆಕೆ ನನಗೆ ಊಟದ ತಾಟು ಹಚ್ಚಿದರು. ಆಣೆ ಮಾಡಿ ಖರೆ ಹೇಳಿದ ಗಂಡನನ್ನು ಒಂಬತ್ತು ತಿಂಗಳು ನಂಬದವರು ನನ್ನನ್ನು ಒಂದು ಮಾತಿಗೆ ನಂಬಿದ್ದರು. ನಾನು ತಲೆ ಎತ್ತದೆ ಉಂಡೆ. ಮೂರನೆಯ ರೊಟ್ಟಿ ನೀಡಲು ಬಂದಾಗ ಬೇಡ ಎನ್ನಲು ಬಾಯಿ ಬರಲಿಲ್ಲ. ಖರೆ ಹೇಳಲೂ ಬರಲಿಲ್ಲ.